ಶ್ಯಾಕಲ್ಟನ್ ಸ್ಲೈಡಿನಲ್ಲಿ ಇಲ್ಲದ ಹತ್ತು ಜನ

ಹೋದ ತಿಂಗಳು ಆಫೀಸಿನಲ್ಲಿ ಒಂದು ಲೀಡರ್‌ಶಿಪ್ ಟ್ರೇನಿಂಗ್ ಇತ್ತು. "ಇನ್ನು ಮೇಲೆ ಕೋಡ್ ಬರೆಯೋದು ಸ್ವಲ್ಪ ಕಮ್ಮಿ ಮಾಡಿ ಜನರನ್ನ ನೋಡ್ಕೊಳ್ಳೋದು ಕಲಿ" ಅಂತ ಹೇಳಿ ಮ್ಯಾನೇಜರು ನನ್ನನ್ನೂ ಕಳಿಸಿದ್ದರು. ಎರಡು ದಿನ ಎ.ಸಿ. ರೂಮು, ಗಂಟೆಗೊಂದು ಸಲ ಕಾಫಿ-ಬಿಸ್ಕತ್ತು, ಮಧ್ಯಾಹ್ನ ಭರ್ಜರಿ ಊಟ. ಇಂಥ ಟ್ರೇನಿಂಗುಗಳ ಬಗ್ಗೆ ನನಗೆ ಅಂಥಾ ಗೌರವವೇನೂ ಇಲ್ಲ. ಊಟದ ಬಗ್ಗೆ ಇದೆ :-)

ಎರಡನೇ ದಿನ ಊಟ ಮುಗಿಸಿ ಎಲ್ಲರೂ ತೂಕಡಿಸುತ್ತಿದ್ದ ಹೊತ್ತಿಗೆ ಸರಿಯಾಗಿ ಟ್ರೇನರ್ ಒಂದು ಸ್ಲೈಡ್ ಹಾಕಿದರು. ಕಪ್ಪು ಬಿಳುಪು ಫೋಟೋ. ಸುತ್ತ ಹಿಮ, ನಡುವೆ ವಾಲಿಕೊಂಡು ನಿಂತ ಹಡಗು, ಕೆಳಗೆ ದಪ್ಪ ಅಕ್ಷರದಲ್ಲಿ "28ಕ್ಕೆ 28". ನಿದ್ದೆ ಹಾರಿಹೋಯಿತು. ಅರ್ಧ ಗಂಟೆ ಬಾಯಿ ಬಿಟ್ಟುಕೊಂಡು ಕೇಳಿದೆ. ಅದು ಅರ್ನೆಸ್ಟ್ ಶ್ಯಾಕಲ್ಟನ್‌ನ ಕತೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ದಕ್ಷಿಣ ಧ್ರುವ ಮುಟ್ಟುವ ಪಂದ್ಯ 1911ರ ಡಿಸೆಂಬರಿಗೇ ಮುಗಿದುಹೋಗಿತ್ತು. ನಾರ್ವೆಯ ಅಮುಂಡ್ಸೆನ್ ಗೆದ್ದಿದ್ದ. ತಿಂಗಳು ತಡವಾಗಿ ತಲುಪಿದ ಬ್ರಿಟನ್ನಿನ ಸ್ಕಾಟ್ ಮತ್ತು ಅವನ ನಾಲ್ವರು ಸಂಗಡಿಗರು ವಾಪಸ್ ಬರುವ ದಾರಿಯಲ್ಲಿ ಸತ್ತಿದ್ದರು. ಇನ್ನು ಉಳಿದಿದ್ದು ಅಂಟಾರ್ಕ್ಟಿಕಾ ಖಂಡವನ್ನು ಈ ಕಡಲಿಂದ ಆ ಕಡಲಿನವರೆಗೆ ದಾಟುವುದು. 1914ರಲ್ಲಿ ಶ್ಯಾಕಲ್ಟನ್ ಅದನ್ನು ಮಾಡುತ್ತೇನೆ ಅಂತ ಹೊರಟ. ಅವನ ಹಡಗಿನ ಹೆಸರು ಎಂಡ್ಯೂರೆನ್ಸ್. ಈ ವರ್ಷ ಹಿಮ ಜಾಸ್ತಿ ಇದೆ ಅಂತ ಸೌತ್ ಜಾರ್ಜಿಯಾ ದ್ವೀಪದ ತಿಮಿಂಗಿಲ ಬೇಟೆಗಾರರು ಎಚ್ಚರಿಸಿದ್ದರು. ಒಂದು ತಿಂಗಳು ಕಾದು ಡಿಸೆಂಬರ್ 5ರಂದು ಹೊರಟೇಬಿಟ್ಟ. ಜನವರಿ 1915ರಲ್ಲಿ ವೆಡೆಲ್ ಸಮುದ್ರದ ಹಿಮ ಹಡಗನ್ನು ಹಿಡಿದುಕೊಂಡಿತು. ಒಂಬತ್ತು ತಿಂಗಳು ಹಿಸುಕಿತು. ಅಕ್ಟೋಬರ್ 27ರಂದು ಹಡಗು ಬಿಟ್ಟು ಹಿಮದ ಮೇಲೆ ಇಳಿದರು, ನವೆಂಬರ್ 21ರಂದು ಅದು ಮುಳುಗಿತು. (2022ರ ಮಾರ್ಚಿನಲ್ಲಿ 3,008 ಮೀಟರ್ ಆಳದಲ್ಲಿ ಸಿಕ್ಕಿತಲ್ಲ, ಅದೇ ಹಡಗು.)

ಇಲ್ಲಿಂದ ಮುಂದೆ ಶ್ಯಾಕಲ್ಟನ್ ಮಾಡಿದ್ದನ್ನು ಓದಿದರೆ ಯಾರಿಗಾದರೂ ಮೈ ಜುಮ್ಮೆನ್ನಬೇಕು. ಖಂಡ ದಾಟುವ ಮಾತು ಬಿಟ್ಟ, ಎಲ್ಲರನ್ನೂ ಜೀವಂತ ಮನೆ ಮುಟ್ಟಿಸುವುದೊಂದೇ ಇನ್ನು ಕೆಲಸ ಅಂದುಕೊಂಡ. ಒಬ್ಬೊಬ್ಬರೂ ಎರಡು ಪೌಂಡು, ಅಂದರೆ ಒಂದು ಕೆ.ಜಿ.ಗಿಂತ ಕಮ್ಮಿ ಸ್ವಂತ ಸಾಮಾನು ಇಟ್ಟುಕೊಳ್ಳಬೇಕು ಅಂತ ಹೇಳಿ ತನ್ನ ಚಿನ್ನದ ನಾಣ್ಯಗಳನ್ನೇ ಮೊದಲು ಹಿಮದ ಮೇಲೆ ಎಸೆದ. ಆದರೆ ಹಸಿ ಅನ್ನುವವನ ಬ್ಯಾಂಜೋ ವಾದ್ಯವನ್ನು ಮಾತ್ರ ಬಿಡಲು ಬಿಡಲಿಲ್ಲ, ರಾತ್ರಿ ಹಾಡಿಗೆ ಅದು ಬೇಕು ಅಂತ. ತುಪ್ಪಳದ ಬೆಚ್ಚಗಿನ ಮಲಗುಚೀಲ ಇದ್ದದ್ದು ಹದಿನೆಂಟೇ. ಚೀಟಿ ಎತ್ತಿಸಿದರೆ ಅವು ಅದು ಹೇಗೋ ಹೆಚ್ಚಾಗಿ ನಾವಿಕರ ಪಾಲಿಗೇ ಬಂದವು, ಶ್ಯಾಕಲ್ಟನ್ನಿಗೂ ಅವನ ಮುಖ್ಯ ಅಧಿಕಾರಿಗಳಿಗೂ ತೆಳು ಉಣ್ಣೆಯವು ಸಿಕ್ಕವು. ಗೊಣಗುವವರನ್ನು, ಕಿರಿಕಿರಿ ಮಾಡುವವರನ್ನು ದೂರ ಇಡಲಿಲ್ಲ, ತನ್ನ ಡೇರೆಯಲ್ಲೇ ಮಲಗಿಸಿಕೊಂಡ.

ಏಪ್ರಿಲ್ 1916ರಲ್ಲಿ ಮೂರು ದೋಣಿಗಳಲ್ಲಿ ಎಲಿಫೆಂಟ್ ದ್ವೀಪ ತಲುಪಿದರು. ಅಲ್ಲಿ 21 ಜನರನ್ನು ಫ್ರಾಂಕ್ ವೈಲ್ಡ್ ಅನ್ನುವ ತನ್ನ ಬಲಗೈ ಬಂಟನ ಜೊತೆ ಬಿಟ್ಟು, ಶ್ಯಾಕಲ್ಟನ್ ಮತ್ತು ಐದು ಜನ ಏಳು ಮೀಟರಿನಷ್ಟು ಉದ್ದದ ಒಂದು ದೋಣಿಯಲ್ಲಿ ಹೊರಟರು. ಪ್ರಪಂಚದ ಅತಿ ಕೆಟ್ಟ ಸಮುದ್ರದಲ್ಲಿ 1,300 ಕಿಲೋಮೀಟರಿಗೂ ಮಿಕ್ಕಿ ಸಾಗಿ ಸೌತ್ ಜಾರ್ಜಿಯಾ ಮುಟ್ಟಿದರು. ಮುಟ್ಟಿದ್ದು ದ್ವೀಪದ ತಪ್ಪು ಕಡೆ. ಸರಿ, ಮೂರು ಜನ ಮ್ಯಾಪೇ ಇಲ್ಲದ ಬೆಟ್ಟಗಳನ್ನು 36 ಗಂಟೆ ನಡೆದು ದಾಟಿದರು. ದ್ವೀಪದಲ್ಲಿ ಉಳಿದವರನ್ನು ಕರೆತರಲು ಮೂರು ಸಲ ಹೋಗಿ ಮೂರು ಸಲವೂ ಹಿಮ ಅಡ್ಡ ಬಂದು ವಾಪಸಾದ. ನಾಲ್ಕನೇ ಸಲ ಚಿಲಿ ದೇಶದ ಯೆಲ್ಚೋ ಎಂಬ ಪುಟ್ಟ ಹಡಗು, ಲೂಯಿಸ್ ಪಾರ್ಡೊ ಅದರ ಕ್ಯಾಪ್ಟನ್. 1916ರ ಆಗಸ್ಟ್ 30. ಇಪ್ಪತ್ತೆರಡೂ ಜನ ಬದುಕಿದ್ದರು.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನು ಸ್ವಲ್ಪ ಜೋರಾಗಿಯೇ ತಟ್ಟಿದೆ.

ಟ್ರೇನರ್ ಕೊನೆಗೆ ಇನ್ನೊಂದು ಸ್ಲೈಡ್ ಹಾಕಿ ಮುಗಿಸಿದರು: "ಶ್ಯಾಕಲ್ಟನ್ ತನ್ನ ಸಾಹಸಯಾತ್ರೆಯಲ್ಲಿ ಒಬ್ಬನೇ ಒಬ್ಬನನ್ನೂ ಕಳೆದುಕೊಳ್ಳಲಿಲ್ಲ".

ಮನೆಗೆ ಬಂದ ಮೇಲೂ ಕತೆ ತಲೆಯಿಂದ ಇಳಿಯಲಿಲ್ಲ. ಹುಡುಕಿ ಓದುತ್ತಾ ಕೂತೆ. ರಾತ್ರಿ ಎರಡರ ಹೊತ್ತಿಗೆ ಗೊತ್ತಾಗಿದ್ದು ಇಷ್ಟು: ಆ ಕೊನೆಯ ಸ್ಲೈಡ್ ಸುಳ್ಳು. ಅದೇ ಯಾತ್ರೆಯಲ್ಲಿ ಮೂರು ಜನ ಸತ್ತಿದ್ದಾರೆ. (ಟ್ರೇನರ್ ತೋರಿಸಿದ್ದ ಇನ್ನೊಂದು ಸ್ಲೈಡ್ ನೆನಪಿರಬಹುದು ನಿಮಗೂ. ಅಪಾಯದ ಪ್ರಯಾಣಕ್ಕೆ ಗಂಡಸರು ಬೇಕಾಗಿದ್ದಾರೆ, ಸಂಬಳ ಕಮ್ಮಿ ಅಂತ ಶ್ಯಾಕಲ್ಟನ್ ಪೇಪರಿಗೆ ಕೊಟ್ಟನೆನ್ನುವ ಜಾಹೀರಾತು. ಅದು ಅಚ್ಚಾದ ಪೇಪರು ಎಷ್ಟು ಜನ ಹುಡುಕಿದರೂ ಸಿಕ್ಕಿಲ್ಲವಂತೆ!)

ಈ ಮೂರು ಜನ ಎಲ್ಲಿದ್ದರು, ಹೇಗೆ ಸತ್ತರು ಅನ್ನುವುದೇ ಈ ಬರಹ.

ಖಂಡ ದಾಟುವ ದಾರಿ ಸುಮಾರು 2,900 ಕಿಲೋಮೀಟರ್. ಅಷ್ಟು ದೂರಕ್ಕೆ ಬೇಕಾದ ಆಹಾರ, ಸೀಮೆಎಣ್ಣೆ ಎಲ್ಲ ಹೊತ್ತುಕೊಂಡು ಹೋಗುವುದು ಸಾಧ್ಯವೇ ಇಲ್ಲ. ಅದಕ್ಕೆ ಶ್ಯಾಕಲ್ಟನ್ ಮಾಡಿದ್ದ ಪ್ಲಾನು: ತಾನು ವೆಡೆಲ್ ಸಮುದ್ರದ ಕಡೆಯಿಂದ ಆರು ಜನರ ತಂಡದ ಜೊತೆ ಹೊರಡುವುದು. ಅದೇ ಹೊತ್ತಿಗೆ ಇನ್ನೊಂದು ಹಡಗು ಖಂಡದ ಆಚೆ ಕಡೆ, ರಾಸ್ ಸಮುದ್ರಕ್ಕೆ ಹೋಗುವುದು. ಆ ತಂಡದವರು ಒಳನಾಡಿಗೆ ನಡೆದು ದಾರಿಯುದ್ದಕ್ಕೂ ಡಿಪೋಗಳನ್ನು ಮಾಡಿಡುವುದು. ಡಿಪೋ ಅಂದರೆ ಇನ್ನೇನಲ್ಲ, ಹಿಮದಲ್ಲಿ ಆಹಾರ-ಎಣ್ಣೆ ಹುಗಿದು, ಮೇಲೊಂದು ಗುಡ್ಡೆ ಮಾಡಿ ಬಾವುಟ ನೆಡುವುದು. ಧ್ರುವ ದಾಟಿ ಸುಸ್ತಾಗಿ ಬರುವ ಶ್ಯಾಕಲ್ಟನ್ ತಂಡ ಅದನ್ನು ತಿನ್ನುತ್ತಾ ಆಚೆ ದಡ ಸೇರುವುದು. ಡಿಪೋ ಇಲ್ಲದಿದ್ದರೆ ಆರೂ ಜನ ಸಾಯುತ್ತಾರೆ. ಲೆಕ್ಕ ಅಷ್ಟು ಸರಳ.

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಶ್ಯಾಕಲ್ಟನ್‌ದು ಆನ್‌ಸೈಟ್ ಟೀಮು, ರಾಸ್ ಸಮುದ್ರದವರು ಆಫ್‌ಶೋರ್ ಟೀಮು. ಅವನ ಹೆಸರು ಪೇಪರಿನಲ್ಲಿ. ಇವರ ಕೆಲಸ ಇವನ ಕೆಲಸಕ್ಕೆ ಬುನಾದಿ, ಆದರೆ ಹೊರಗೆ ಕಾಣುವುದಿಲ್ಲ. ಓದುತ್ತಾ ಓದುತ್ತಾ ಈ ಹೋಲಿಕೆ ನನ್ನನ್ನು ಬಿಡಲೇ ಇಲ್ಲ.

ಈ ಆಫ್‌ಶೋರ್ ತಂಡದ ನಾಯಕ ಈನಿಯಾಸ್ ಮ್ಯಾಕಿಂಟಾಶ್. ಶ್ಯಾಕಲ್ಟನ್ನನ ಹಿಂದಿನ ಯಾತ್ರೆಯಲ್ಲಿ ಸಾಮಾನು ಇಳಿಸುವಾಗ ಒಂದು ಕಣ್ಣು ಕಳೆದುಕೊಂಡವನು. ಸಿಡ್ನಿಗೆ ಬಂದು ನೋಡುತ್ತಾನೆ, ಅವನಿಗೆ ಕೊಟ್ಟ ಹಡಗು ಅರೋರಾ ರಿಪೇರಿ ಆಗದೆ ಬಿದ್ದಿದೆ. ಕೊಡುತ್ತೇನೆ ಅಂದಿದ್ದ 2,000 ಪೌಂಡು ಹಣವನ್ನು ಶ್ಯಾಕಲ್ಟನ್ 1,000ಕ್ಕೆ ಇಳಿಸಿದ್ದಾನೆ. ಉಳಿದದ್ದನ್ನು ಅಲ್ಲೇ ದಾನ ಕೇಳಿ, ಬೇಕಾದರೆ ಹಡಗನ್ನೇ ಅಡ ಇಟ್ಟು ಹೊಂದಿಸಿಕೋ ಅಂತ. ಕೈಗೆ ಸಿಕ್ಕವರನ್ನು ಸೇರಿಸಿಕೊಂಡು, ಸಾಲ-ಸೋಲ ಮಾಡಿ, ಅಂತೂ ಡಿಸೆಂಬರ್ 24ರಂದು ಹೋಬಾರ್ಟ್ ಬಿಟ್ಟರು. ಅವರಲ್ಲಿ ಹಿಮದ ಮೇಲೆ ಮೊದಲು ಓಡಾಡಿದವರು ಬೆರಳೆಣಿಕೆಯಷ್ಟು.

ಈಗ ಬರುತ್ತದೆ ನನ್ನ ಹೊಟ್ಟೆಯಲ್ಲಿ ಕಿವುಚಿದಂತಾದ ಭಾಗ.

ಶ್ಯಾಕಲ್ಟನ್ ಮೊದಲು ಹೇಳಿದ್ದ ಪ್ರಕಾರ ಅವನು ಆ ವರ್ಷವೇ, ಅಂದರೆ 1914-15ರ ಬೇಸಿಗೆಯಲ್ಲೇ ದಾಟುವ ಸಾಧ್ಯತೆ ಇತ್ತು. ಹಾಗಾಗಿ ಮ್ಯಾಕಿಂಟಾಶ್ ಜನವರಿಯಲ್ಲಿ ದಡ ಮುಟ್ಟಿದ್ದೇ ತಡ, ಹೆಚ್ಚು ಕಾಯದೆ ತಂಡವನ್ನು ಹೊರಡಿಸಿದ. ನಾಯಿಗಳು ಇನ್ನೂ ಪಳಗಿಲ್ಲ, ಈಗಲೇ ಅಷ್ಟು ದೂರ ಬೇಡ ಅಂತ ಅನುಭವಸ್ಥನಾದ ಅರ್ನೆಸ್ಟ್ ಜಾಯ್ಸ್ ಜಗಳವಾಡಿದ. "ಬಾಸ್ ಈಗಾಗಲೇ ಹೊರಟಿರಬಹುದು, ಡಿಪೋ ಇಲ್ಲದಿದ್ದರೆ ಸಾಯ್ತಾರೆ" ಅನ್ನುವ ಯೋಚನೆಯ ಮುಂದೆ ಯಾವ ವಾದ ನಿಲ್ಲುತ್ತದೆ ಹೇಳಿ? ಹೋದರು. ಹೆಚ್ಚಿನ ನಾಯಿಗಳು ಸತ್ತವು. ಜನರ ಕೈಕಾಲು ಹಿಮಗಡಿತಕ್ಕೆ ಸಿಕ್ಕಿದವು.

ಆದರೆ ಡಿಸೆಂಬರ್ ಮೊದಲ ವಾರ, ಸೌತ್ ಜಾರ್ಜಿಯಾ ಬಿಡುವ ಹೊತ್ತಿಗೇ ಶ್ಯಾಕಲ್ಟನ್ನಿಗೆ ಗೊತ್ತಾಗಿತ್ತು, ಈ ವರ್ಷ ದಾಟುವುದು ಆಗದ ಮಾತು ಅಂತ. ಲಂಡನ್ನಿನ ಒಬ್ಬ ಪತ್ರಿಕೆಯ ಮಿತ್ರನಿಗೆ ಹಾಗಂತ ಬರೆದೂ ಬರೆದಿದ್ದ. ಈ ವಿಷಯವನ್ನು ಮ್ಯಾಕಿಂಟಾಶನಿಗೆ ತಂತಿ ಮೂಲಕ ತಿಳಿಸಬೇಕಾಗಿತ್ತು.

ಆ ತಂತಿ ಹೋಗಲೇ ಇಲ್ಲ.

ಪ್ಲಾನು ಬದಲಾಗಿದ್ದು ಪ್ಲಾನು ಮಾಡಿದವನಿಗೆ ಗೊತ್ತು. ಪೇಪರಿನವನಿಗೂ ಗೊತ್ತು. ಪ್ಲಾನಿಗೋಸ್ಕರ ಜೀವ ತೇಯುತ್ತಿದ್ದವರಿಗೆ ಮಾತ್ರ ಗೊತ್ತಿಲ್ಲ.

ಮುಂದಿನದು ಇನ್ನೂ ಕಷ್ಟ. ಮೇ 1915ರ ಒಂದು ರಾತ್ರಿ ಬಿರುಗಾಳಿಗೆ ಅರೋರಾ ಹಡಗು ಲಂಗರು ಕಿತ್ತುಕೊಂಡು ಹಿಮದ ಜೊತೆ ತೇಲಿಹೋಯಿತು. ಬಟ್ಟೆ, ಆಹಾರ, ಇಂಧನ ಮುಕ್ಕಾಲುಪಾಲು ಅದರಲ್ಲೇ ಇತ್ತು. ದಡದಲ್ಲಿ ಉಳಿದವರು ಹತ್ತು ಜನ. ಹಡಗು ಮುಳುಗಿತೋ ಇದೆಯೋ ಗೊತ್ತಿಲ್ಲ. ಸ್ಕಾಟ್ ಹಿಂದೆ ಕೇಪ್ ಇವಾನ್ಸ್‌ನಲ್ಲಿ ಬಿಟ್ಟುಹೋಗಿದ್ದ ಮರದ ಮನೆಯಲ್ಲಿ, ಅವನು ಬಿಟ್ಟುಹೋದ ಸಾಮಾನಿನಲ್ಲಿ ಸಂಸಾರ ಶುರುಮಾಡಿದರು. ಹಳೇ ಡೇರೆಯ ಕ್ಯಾನ್ವಾಸು ಹರಿದು ಪ್ಯಾಂಟು ಹೊಲಿದುಕೊಂಡರು. ಅರ್ನೆಸ್ಟ್ ವೈಲ್ಡ್ ಅನ್ನುವವನು ಮರದ ಹೊಟ್ಟು, ಟೀ, ಕಾಫಿ, ಒಣ ಸೊಪ್ಪು ಸೇರಿಸಿ ತಂಬಾಕು ಅಂತ ತಯಾರಿಸಿದ. ಅಂದಹಾಗೆ ಈ ಅರ್ನೆಸ್ಟ್ ವೈಲ್ಡ್ ಬೇರೆ ಯಾರೂ ಅಲ್ಲ, ಆ ಕಡೆ ಎಲಿಫೆಂಟ್ ದ್ವೀಪದಲ್ಲಿ 21 ಜನರನ್ನು ಕಾಯ್ದ ಫ್ರಾಂಕ್ ವೈಲ್ಡ್‌ನ ತಮ್ಮ. ಖಂಡದ ಎರಡು ಕಡೆ ಅಣ್ಣ ತಮ್ಮ, ಒಬ್ಬರಿಗೊಬ್ಬರ ಸುದ್ದಿಯಿಲ್ಲ. ಅಣ್ಣ ಸ್ಲೈಡಿನಲ್ಲಿದ್ದಾನೆ, ತಮ್ಮ ಇಲ್ಲ.

ಈ ಸ್ಥಿತಿಯಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಾಗಿದ್ದರೆ ಸೀಲ್ ಮಾಂಸ ತಿಂದುಕೊಂಡು ಒಳಗೇ ಕೂತಿರುತ್ತಿದ್ದೆ, ಯಾರಾದರೂ ಬರುವ ತನಕ. ಅವರು ಕೂರಲಿಲ್ಲ. ಸೆಪ್ಟೆಂಬರಿನಿಂದ ಮತ್ತೆ ಸ್ಲೆಡ್ಜ್ ಎಳೆಯಲು ಶುರುಮಾಡಿದರು. ಉಳಿದ ನಾಯಿ ನಾಲ್ಕು. ಮಿಕ್ಕಿದ್ದನ್ನೆಲ್ಲ ಎದೆಗೆ ಪಟ್ಟಿ ಕಟ್ಟಿಕೊಂಡು ಮನುಷ್ಯರೇ ಎಳೆದರು. ಒಂದು ಸ್ಟವ್ ಕೆಟ್ಟು ಮೂರು ಜನ ಹಿಂದಿರುಗಬೇಕಾಯಿತು, ಆರು ಜನ ಮುಂದೆ ಹೋದರು. ಸ್ಪೆನ್ಸರ್-ಸ್ಮಿತ್ ಎಂಬ ಪಾದ್ರಿ ಸ್ಕರ್ವಿ ರೋಗದಿಂದ ನಡೆಯಲಾರದೆ ಕುಸಿದಾಗ, ಅವನನ್ನು ಒಂದು ಡೇರೆಯಲ್ಲಿ ಒಬ್ಬನೇ ಬಿಟ್ಟು ಉಳಿದವರು ಕೊನೆಯ ಡಿಪೋ ಇಡಲು ಹೋದರು. ಜನವರಿ 26, 1916ರಂದು ಬಿಯರ್ಡ್‌ಮೋರ್ ಹಿಮನದಿಯ ಬುಡದಲ್ಲಿ, ಮೌಂಟ್ ಹೋಪ್ ಎಂಬ ಗುಡ್ಡದ ಹತ್ತಿರ ಅದನ್ನು ಇಟ್ಟೂಬಿಟ್ಟರು. ಕೆಲಸ ಪೂರ್ತಿಯಾಯಿತು.

ಆ ದಿನಕ್ಕೆ ಎಂಡ್ಯೂರೆನ್ಸ್ ಮುಳುಗಿ ಎರಡು ತಿಂಗಳ ಮೇಲಾಗಿತ್ತು. ಶ್ಯಾಕಲ್ಟನ್ ಖಂಡದ ಆಚೆ ಸಮುದ್ರದಲ್ಲಿ, ತೇಲುವ ಹಿಮದ ಹಾಸಿನ ಮೇಲೆ ಕೂತಿದ್ದ. ಆ ಡಿಪೋಗೆ ಯಾರೂ ಬರುವವರಿರಲಿಲ್ಲ.

ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ ಅಂತೀವಲ್ಲ. ಇವರು ತೊಳೆದದ್ದು ಜೀವ ಕೊಟ್ಟು.

ವಾಪಸ್ ಬರುವಾಗ ಎಲ್ಲರಿಗೂ ಸ್ಕರ್ವಿ. ಸ್ಪೆನ್ಸರ್-ಸ್ಮಿತ್‌ನನ್ನು ಸ್ಲೆಡ್ಜಿನ ಮೇಲೆ ಕಟ್ಟಿ ಎಳೆದು ತಂದರು, ವಾರಗಟ್ಟಲೆ. ಆಮೇಲೆ ಮ್ಯಾಕಿಂಟಾಶನಿಗೂ ನಡೆಯಲಾಗಲಿಲ್ಲ. ಫೆಬ್ರವರಿಯಲ್ಲಿ ಹಿಮಗಾಳಿ ಹಿಡಿದು ದಿನಗಟ್ಟಲೆ ಡೇರೆಯೊಳಗೆ ಸಿಕ್ಕಿಬಿದ್ದರು, ಆಹಾರ ಮುಗಿಯುತ್ತಾ ಬಂತು, ಮುಂದಿನ ಡಿಪೋ ಹತ್ತಿರದಲ್ಲೇ ಇತ್ತು. ನಾಲ್ಕು ವರ್ಷದ ಹಿಂದೆ ಸ್ಕಾಟ್ ತಂಡ ಇದೇ ರೀತಿ, ಡಿಪೋದಿಂದ ಇಪ್ಪತ್ತು ಕಿಲೋಮೀಟರಿಗೂ ಕಮ್ಮಿ ದೂರದಲ್ಲಿ ಡೇರೆಯಲ್ಲೇ ಸತ್ತಿದ್ದು ಎಲ್ಲರಿಗೂ ಗೊತ್ತಿತ್ತು. ಜಾಯ್ಸ್, ರಿಚರ್ಡ್ಸ್, ಹೇವರ್ಡ್ ಮೂವರು ಗಾಳಿಯಲ್ಲೇ ಎದ್ದು ಹೊರಟರು. ಅರ್ನೆಸ್ಟ್ ವೈಲ್ಡ್ ರೋಗಿಗಳಿಬ್ಬರನ್ನು ನೋಡಿಕೊಳ್ಳಲು ಉಳಿದ. ಇಲ್ಲೊಂದು ವಿಷಯ ಗಮನಿಸಿ: ಅವರಿಗೆ ತಿನ್ನಲು ಬೇಕಾದದ್ದು ಸ್ಲೆಡ್ಜಿನ ಮೇಲೆ ಮೊದಲೇ ಇತ್ತು. ಅದನ್ನು ಮುಟ್ಟದೆ ದೂರದ ಡಿಪೋಗಳಲ್ಲಿ ಇಟ್ಟು ಬಂದಿದ್ದರು, ಶ್ಯಾಕಲ್ಟನ್ನಿಗೆ ಅಂತ. ಮೂವರೂ ಡಿಪೋ ತಲುಪಿ, ಆಹಾರ ಹೊತ್ತು ವಾಪಸ್ ಬಂದು ಉಳಿದವರನ್ನು ಬದುಕಿಸಿದರು.

ಮಾರ್ಚ್ 9ರಂದು, ಇನ್ನೇನು ಕೆಲವೇ ದಿನದ ದಾರಿ ಇರುವಾಗ, ಸ್ಪೆನ್ಸರ್-ಸ್ಮಿತ್ ಸತ್ತ. ಉಳಿದವರು ಹಟ್ ಪಾಯಿಂಟ್‌ನ ಹಳೇ ಮನೆ ಸೇರಿ ಸೀಲ್ ಮಾಂಸ ತಿಂದು ಚೇತರಿಸಿಕೊಂಡರು. ಮೇ 8ರಂದು ಮ್ಯಾಕಿಂಟಾಶ್ ಮತ್ತು ಹೇವರ್ಡ್, ಬೇಡ ಅಂದರೂ ಕೇಳದೆ, ಹೆಪ್ಪುಗಟ್ಟಿದ ಸಮುದ್ರದ ಮೇಲೆ ಕೇಪ್ ಇವಾನ್ಸ್ ಕಡೆಗೆ ನಡೆದುಕೊಂಡು ಹೊರಟರು. ಸ್ವಲ್ಪ ಹೊತ್ತಿಗೆ ಗಾಳಿ ಎದ್ದಿತು. ಮತ್ತೆ ಅವರನ್ನು ಯಾರೂ ನೋಡಲಿಲ್ಲ.

1917ರ ಜನವರಿ 10ರಂದು ಅರೋರಾ ಹಡಗು ವಾಪಸ್ ಬಂತು. ಅದರಲ್ಲಿ ಶ್ಯಾಕಲ್ಟನ್ ಇದ್ದ, ಆದರೆ ಹಡಗಿನ ನಾಯಕನಾಗಿ ಅಲ್ಲ. ಖರ್ಚು ಹಾಕಿದ ಸರ್ಕಾರಗಳು ಆ ಕೆಲಸವನ್ನು ಜಾನ್ ಕಿಂಗ್ ಡೇವಿಸ್‌ಗೆ ಕೊಟ್ಟಿದ್ದವು. ದಡದಲ್ಲಿ ಏಳು ಜನ ಉಳಿದಿದ್ದರು. ತಾವು ಡಿಪೋ ಇಟ್ಟ ಮನುಷ್ಯ ಖಂಡದ ಮೇಲೆ ಕಾಲನ್ನೇ ಇಡಲಿಲ್ಲ ಅಂತ ಅವರಿಗೆ ಗೊತ್ತಾಗಿದ್ದು ಅವತ್ತು, ಅವನ ಬಾಯಿಂದಲೇ.

ಇಷ್ಟು ಕತೆ. ಈಗ ನನ್ನ ಮಾತು.

ಮೊದಲನೆಯದಾಗಿ, ಈ "28ಕ್ಕೆ 28" ಅನ್ನುವ ಲೆಕ್ಕ. ಇದು ನಮಗೆಲ್ಲ ಚೆನ್ನಾಗಿ ಗೊತ್ತಿರುವ ಲೆಕ್ಕವೇ. ಫೇಲಾಗುವ ಟೆಸ್ಟ್ ಕೇಸುಗಳನ್ನು ಲಿಸ್ಟಿನಿಂದಲೇ ತೆಗೆದುಹಾಕಿ "ನೂರಕ್ಕೆ ನೂರು ಪಾಸ್" ಅಂತ ರಿಪೋರ್ಟು ಕಳಿಸುವುದಿಲ್ಲವೇ, ಹಾಗೆ. ಕೆಳಗಿನ ಸಂಖ್ಯೆಯನ್ನು ನಮಗೆ ಬೇಕಾದ ಹಾಗೆ ಇಟ್ಟುಕೊಂಡರೆ ಯಾವ ನಾಯಕನೂ ಸೋಲುವುದಿಲ್ಲ. ಎರಡು ಹಡಗು ಕಳಿಸಿದವನ ಲೆಕ್ಕವನ್ನು ಎರಡು ಹಡಗಿನ ಮೇಲೆ ಹಾಕಬೇಕು.

ಎರಡನೆಯದು, ಶ್ಯಾಕಲ್ಟನ್ ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ಓದಬೇಡಿ. 1909ರಲ್ಲಿ ಧ್ರುವ ಇನ್ನು 180 ಕಿಲೋಮೀಟರ್ ಇದೆ ಅನ್ನುವಾಗ, ಮುಂದೆ ಹೋದರೆ ಜೊತೆಯವರು ಸಾಯ್ತಾರೆ ಅಂತ ತಿರುಗಿ ಬಂದವನು ಅವನು. ಅಷ್ಟು ಹತ್ತಿರ ಹೋಗಿ ತಿರುಗುವ ಎದೆಗಾರಿಕೆ ಎಷ್ಟು ಜನಕ್ಕಿದೆ? ಆದರೆ ನನಗೆ ಅನ್ನಿಸಿದ್ದು: ಅವನ ಒಳ್ಳೆಯತನವೆಲ್ಲ ಕಣ್ಣಳತೆಯ ಒಳ್ಳೆಯತನ. ಎದುರಿಗಿದ್ದವನು ನಡುಗಿದರೆ ತನ್ನ ಕೈಗವಸು ಬಿಚ್ಚಿಕೊಡುತ್ತಾನೆ. ಯಾರ ಮುಖ ಬಾಡಿದೆ ಅಂತ ಅವನಿಗೆ ತಕ್ಷಣ ಗೊತ್ತಾಗುತ್ತದೆ. ಆದರೆ ಮುಖ ಕಾಣದವರ ವಿಷಯದಲ್ಲಿ? ಅರ್ಧ ದುಡ್ಡು, ಮುರುಕಲು ಹಡಗು, ಅರೆಬರೆ ಪ್ಲಾನು, ಹೋಗದ ತಂತಿ. ಎರಡೂ ಒಬ್ಬನೇ ಮನುಷ್ಯ, ಒಂದೇ ವರ್ಷ.

ಡೇರೆಯೊಳಗಿನ ನಾಯಕತ್ವಕ್ಕೆ ದೊಡ್ಡ ಮನಸ್ಸು ಬೇಕು. ದೂರದವರನ್ನು ನಡೆಸುವುದಕ್ಕೆ ಮನಸ್ಸಷ್ಟೇ ಸಾಲದು, ಗುಮಾಸ್ತನ ಶಿಸ್ತು ಬೇಕು. ಪಟ್ಟಿ ಮಾಡಿಕೊಂಡು, ಪ್ಲಾನು ಬದಲಾದ ತಕ್ಷಣ, ಅತಿ ದೂರ ಇರುವವನಿಗೆ ಮೊದಲು ತಿಳಿಸುವ ಶಿಸ್ತು. ಇದರಲ್ಲಿ ಹೀರೋಗಿರಿ ಏನೂ ಇಲ್ಲ, ಫೋಟೋ ಬರುವುದಿಲ್ಲ. ಅದಕ್ಕೇ ಇದು ಸ್ಲೈಡಿಗೆ ಬರುವುದಿಲ್ಲ ಅಂತ ಕಾಣುತ್ತದೆ.

"ಆ ಕಾಲದಲ್ಲಿ ಫೋನಿತ್ತಾ, ಈಮೇಲಿತ್ತಾ?" ಅಂತ ನನ್ನ ರೂಂಮೇಟ್ ವಾದ ಮಾಡಿದ. ಹಿಮದಲ್ಲಿ ಸಿಕ್ಕಿಕೊಂಡ ಮೇಲೆ ಏನೂ ಮಾಡಲು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಎರಡನೇ ವರ್ಷದ ಡಿಪೋಗಳಿಗೆ ಯಾರನ್ನೂ ದೂರಲಾರೆ. ಆದರೆ ಮೊದಲ ವರ್ಷದ ಆ ದಡಬಡ, ಆ ನಾಯಿಗಳು? ಮಿತ್ರನಿಗೆ ಕಾಗದ ಬರೆಯಲು ಆಗಿತ್ತಲ್ಲ? ಸುದ್ದಿ ಹೊರಗೆ ಹೋಗುವ ದಾರಿ ಇತ್ತು ಅಂತಲೇ ಅಲ್ಲವೇ ಅರ್ಥ? ಮ್ಯಾಕಿಂಟಾಶ್ ತಪ್ಪು ಮಾಡಲಿಲ್ಲ ಅಂತಲೂ ಅಲ್ಲ. ಜಾಯ್ಸ್ ಮಾತು ಕೇಳಬಹುದಿತ್ತು, ಆ ತೆಳು ಹಿಮದ ಮೇಲೆ ಹೋಗಬಾರದಿತ್ತು. ಆದರೆ ಆರು ಜೀವ ತನ್ನ ಮೇಲೆ ನಿಂತಿದೆ ಅಂತ ನಂಬಿದವನು ಅವಸರ ಮಾಡದೆ ಇನ್ನೇನು ಮಾಡುತ್ತಾನೆ?

ಇಷ್ಟೊಂದು ಸಿಟ್ಟು ನನಗೇಕೆ ಅಂತ ನಿಮಗೆ ಅನ್ನಿಸಿರಬಹುದು. ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ, ಆಗ ನಾನಿದ್ದ ಕಂಪನಿಯಲ್ಲಿ, ನಾವು ಮೂರು ಜನ ಹಳೇ ಡೇಟಾವನ್ನು ಹೊಸ ಸಿಸ್ಟಮ್ಮಿಗೆ ಸಾಗಿಸುವ ಒಂದು ಟೂಲ್ ಮಾಡುತ್ತಿದ್ದೆವು. ನಾನು ಲೀಡ್, ನನ್ನ ಕೆಳಗೆ ಇಬ್ಬರು ಹುಡುಗರು. ನಾಲ್ಕು ತಿಂಗಳು, ಶನಿವಾರವೂ ಸೇರಿ. ಕೊನೆ ಕೊನೆಗೆ ರಾತ್ರಿ ಹನ್ನೊಂದಕ್ಕೆ ಕ್ಯಾಬ್ ಹತ್ತುತ್ತಿದ್ದೆವು. ಆ ಹುಡುಗರಲ್ಲಿ ಒಬ್ಬ ಊರಿನಲ್ಲಿ ಅಪ್ಪನ ಕಣ್ಣಿನ ಆಪರೇಷನ್ ಇದ್ದರೂ ಹೋಗಲಿಲ್ಲ, "ರಿಲೀಸ್ ಮುಗಿಸಿಕೊಂಡೇ ಹೋಗ್ತೀನಿ ಬಿಡಿ" ಅಂದ. ಮುಗಿಸಿದೆವು. ಚೆನ್ನಾಗಿಯೂ ಆಗಿತ್ತು. ಆಮೇಲೆ ಬೇರೆ ಯಾವುದೋ ಕಾಲ್‌ನಲ್ಲಿ, ಬೇರೆ ಯಾರೋ, ಮಾತಿನ ಮಧ್ಯೆ ಹೇಳಿದರು. ಆ ಹೊಸ ಸಿಸ್ಟಮ್ಮನ್ನೇ ಕ್ಲೈಂಟ್ ಕೈಬಿಟ್ಟು ಎರಡು ತಿಂಗಳಾಯಿತು, ನಿಮಗೆ ಗೊತ್ತಿರಲಿಲ್ಲವಾ ಅಂತ.

ಈ ಕತೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಆನ್‌ಸೈಟಿನವರನ್ನು ಬಾಯ್ತುಂಬ ಬೈದಿದ್ದೇನೆ. ಆದರೆ ಅವತ್ತು ರಾತ್ರಿ ಎರಡು ಗಂಟೆಗೆ ಮ್ಯಾಕಿಂಟಾಶನ ಬಗ್ಗೆ ಓದುತ್ತಾ, ಪ್ರತೀ ಸಲ ನಾನು ಬಿಟ್ಟು ಹೇಳುವ ಒಂದು ತುಂಡು ನೆನಪಾಯಿತು. ಆ ಕಾಲ್‌ಗಿಂತ ಹತ್ತು ದಿನ ಮೊದಲೇ ಆನ್‌ಸೈಟಿನಲ್ಲಿದ್ದ ಒಬ್ಬ ಗೆಳೆಯ ನನಗೆ ಚಾಟ್‌ನಲ್ಲಿ ಸೂಚ್ಯವಾಗಿ ಹೇಳಿದ್ದ, "ನಿಮ್ಮದು ಹೋಲ್ಡ್ ಆಗೋ ಹಾಗಿದೆ ಗುರು, ಕೇಳಿ ನೋಡು" ಅಂತ. ನಾನು ಕೇಳಲಿಲ್ಲ. ಹುಡುಗರಿಗೆ ಹೇಳಲೂ ಇಲ್ಲ. ಖಚಿತ ಆಗಲಿ ಆಮೇಲೆ ಹೇಳೋಣ, ಸುಮ್ಮನೆ ಯಾಕೆ ಅವರ ಹುಮ್ಮಸ್ಸು ಕೆಡಿಸುವುದು ಅಂದುಕೊಂಡೆ. ಅದು ನೆಪ ಅಂತ ಈಗ ಅನ್ನಿಸುತ್ತದೆ. ನಿಜವಾಗಿ ಕೆಲಸ ನಿಂತರೆ ನನ್ನ ಅಪ್ರೈಸಲ್ ಏನಾಗುತ್ತದೋ ಅಂತ ಹೆದರಿದ್ದೆ. ಕಣ್ಣಿನ ಆಪರೇಷನ್ ಆಗಿದ್ದು ಆ ಹತ್ತು ದಿನದ ಒಳಗೆ.

ಟೀ ಕೊಡಿಸಿದ್ದೆ, ಲೇಟಾದರೆ ಬಿರಿಯಾನಿ ತರಿಸುತ್ತಿದ್ದೆ, ಯಾರಿಗಾದರೂ ಬೇಜಾರಾದರೆ ಪಕ್ಕದಲ್ಲಿ ಕೂತು ಮಾತಾಡಿಸುತ್ತಿದ್ದೆ. ಒಳ್ಳೇ ಲೀಡ್ ಅಂತ ಆ ಹುಡುಗರೇ ಫೀಡ್‌ಬ್ಯಾಕ್‌ನಲ್ಲಿ ಬರೆದಿದ್ದರು. ಬ್ಯಾಂಜೋ ಉಳಿಸಿಕೊಂಡಿದ್ದೆ ಅಂತಿಟ್ಟುಕೊಳ್ಳಿ. ತಂತಿ ಕಳಿಸಲಿಲ್ಲ.

ಹೋದ ಭಾನುವಾರ ಆ ಹುಡುಗನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಈಗ ಅವನು ಬೇರೆ ಕಂಪನಿ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅಪ್ಪ ಚೆನ್ನಾಗಿದಾರೆ ಬಿಡಣ್ಣ, ಆದ್ರೆ ಆವತ್ತು ಹೇಳಿದ್ರೆ ಹೋಗ್ತಿದ್ದೆ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೊಂದು ವಿಷಯ. ಆ ಹತ್ತು ಜನರಲ್ಲಿ ರಿಚರ್ಡ್ಸ್ ಅನ್ನುವವನು ಹೊರಟಾಗ 21 ವರ್ಷದ ಹುಡುಗ. 1916ರ ಆಗಸ್ಟಿನಲ್ಲಿ, ಕೇಪ್ ಇವಾನ್ಸ್ ಮನೆಯಲ್ಲಿ ತಾನು ಮಲಗುತ್ತಿದ್ದ ಜಾಗದ ಪಕ್ಕದ ಹಲಗೆಯ ಮೇಲೆ ಅವನು ಪೆನ್ಸಿಲಿನಲ್ಲಿ ತಾರೀಖು ಬರೆದು, ಸತ್ತವರ ಹೆಸರುಗಳನ್ನು ಬರೆದಿಟ್ಟ. ಅದು ಇವತ್ತಿಗೂ ಅಲ್ಲೇ ಇದೆ. ಹೊರಗೆ ಗುಡ್ಡದ ಮೇಲೆ ಮೂವರ ನೆನಪಿಗೆ ಒಂದು ಶಿಲುಬೆಯೂ ಇದೆ. 1923ರಲ್ಲಿ ಜಾಯ್ಸ್, ರಿಚರ್ಡ್ಸ್, ಹೇವರ್ಡ್ ಮತ್ತು ಅರ್ನೆಸ್ಟ್ ವೈಲ್ಡ್‌ಗೆ, ಜೊತೆಯವರ ಜೀವ ಉಳಿಸಲು ಹೋರಾಡಿದ್ದಕ್ಕೆ ಆಲ್ಬರ್ಟ್ ಪದಕ ಕೊಟ್ಟರು. ಹೇವರ್ಡ್, ವೈಲ್ಡ್ ಅಷ್ಟರಲ್ಲಿ ಇರಲಿಲ್ಲ. ರಿಚರ್ಡ್ಸ್ ಮಾತ್ರ ಆಸ್ಟ್ರೇಲಿಯಾದಲ್ಲಿ ಮೇಷ್ಟ್ರಾಗಿ, ಎಲ್ಲರಿಗಿಂತ ಕೊನೆಯವನಾಗಿ 1985ರವರೆಗೆ ಬದುಕಿದ್ದ.

ಅವರ ಕೆಲಸ ವ್ಯರ್ಥ ಆಗಲಿಲ್ಲ ಅಂತ ಸಮಾಧಾನ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಡಿಪೋಗಳು ವ್ಯರ್ಥವೇ. ಅವರು ಒಬ್ಬರನ್ನೊಬ್ಬರು ಎಳೆದುಕೊಂಡು ಬಂದದ್ದು ವ್ಯರ್ಥ ಅಲ್ಲ. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಬಾರದು ಅಷ್ಟೆ. ಕೆಲಸಗಾರರ ನಿಷ್ಠೆಯನ್ನು ಹಾಡಿಹೊಗಳುತ್ತಾ ಕೂತರೆ ತಂತಿ ಕಳಿಸದವರು ಆರಾಮಾಗಿ ತಪ್ಪಿಸಿಕೊಳ್ಳುತ್ತಾರೆ. ಆ ಗುಂಪಿನಲ್ಲಿ ನಾನೂ ಇದ್ದೇನೆ, ಅದಕ್ಕೇ ಹೇಳಿದೆ.

ಟ್ರೇನರ್‌ಗೆ ಒಂದು ಮೇಲ್ ಬರೆದಿದ್ದೇನೆ, ಆ ಕೊನೆಯ ಸ್ಲೈಡ್ ಬದಲಾಯಿಸಿ ಅಂತ. ಇನ್ನೂ ಉತ್ತರ ಬಂದಿಲ್ಲ. ನೋಡೋಣ :-)

ನೀವೂ ಎಂದಾದರೂ ಯಾರೂ ಬಾರದ ಡಿಪೋಗೆ ಸಾಮಾನು ಹೊತ್ತಿದ್ದೀರಾ? ಅಥವಾ, ನನ್ನ ಹಾಗೆ, ತಂತಿ ಕಳಿಸದೆ ಸುಮ್ಮನಿದ್ದೀರಾ? ಬರೆಯಿರಿ. ಎರಡನೆಯದನ್ನು ಬರೆಯುವುದು ಕಷ್ಟ, ಗೊತ್ತು.